ಉಸಿರಿನ ಲೆಕ್ಕ: ಪಂಡಿತ ಕುಮಾರ ಗಂಧರ್ವರ ಬಾಳು

ಹಿಂದೂಸ್ತಾನಿ ಸಂಗೀತಕ್ಕೆ ಕನ್ನಡ ನಾಡು ಕೊಟ್ಟ ಗಾಯಕರನ್ನು ನೆನೆಯುವಾಗ ನಾವು ಸಾಮಾನ್ಯವಾಗಿ ಧಾರವಾಡದ ಸುತ್ತಲೇ ಸುತ್ತುತ್ತೇವೆ. ಸವಾಯಿ ಗಂಧರ್ವ, ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ ಎಂದು ಬೆರಳು ಮಡಿಸುತ್ತಾ ಹೋಗುವಾಗ ಒಂದು ಹೆಸರು ತಡವಾಗಿ ನೆನಪಾಗುತ್ತದೆ. ಬಾಳಿನ ನಲವತ್ತನಾಲ್ಕು ವರ್ಷಗಳನ್ನು ಮಧ್ಯಪ್ರದೇಶದ ದೇವಾಸ್ ಎಂಬ ಸಣ್ಣ ಊರಿನಲ್ಲಿ ಕಳೆದ ಪಂಡಿತ ಕುಮಾರ ಗಂಧರ್ವರನ್ನು ಮರಾಠಿಗರು ತಮ್ಮವರೆನ್ನುತ್ತಾರೆ, ಮಾಳವದವರು ತಮ್ಮವರೆನ್ನುತ್ತಾರೆ. ಅವರು ಹುಟ್ಟಿದ್ದು ಮಾತ್ರ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ, ಕನ್ನಡದ ಲಿಂಗಾಯತ ಮನೆತನವೊಂದರಲ್ಲಿ, 1924ರ ಏಪ್ರಿಲ್ 8ರಂದು. ತಂದೆತಾಯಿಗಳು ಇಟ್ಟ ಹೆಸರು ಶಿವಪುತ್ರ. ತಂದೆ ಸಿದ್ಧರಾಮಯ್ಯ ಕೋಮಕಾಳಿಯವರೂ ಹಾಡುಗಾರರೇ.

ಇವರ ಬಾಳನ್ನು ಈಗ ಬರೆಯಲು ಹೊರಟುದಕ್ಕೆ ಕಾರಣವಿದೆ. ನಾವು ವಾಸಿಸುವ ಮಣಿಕೊಂಡದಿಂದ ಗಚ್ಚಿಬೌಲಿಯ ಐಐಐಟಿ ದೂರವೇನಲ್ಲ. 1998ರಲ್ಲಿ ಆರಂಭವಾದ ಆ ಸಂಸ್ಥೆಯ ಹೆಸರು ಕೇಳಿದೊಡನೆ ಕಂಪ್ಯೂಟರು ಎಂದಷ್ಟೇ ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಆದರೆ ಅಲ್ಲಿಯ ಸಂಜ್ಞಾನ ವಿಜ್ಞಾನ ವಿಭಾಗದಲ್ಲಿ ಸಂಗೀತವನ್ನೂ ಮನಸ್ಸನ್ನೂ ಕುರಿತು ವಿದ್ಯಾರ್ಥಿಗಳು ಸಂಶೋಧನೆ ನಡೆಸುತ್ತಾರೆ. ಯುವಜನರು ಯಾವ ಬಗೆಯ ಹಾಡುಗಳನ್ನು ಮತ್ತೆ ಮತ್ತೆ ಕೇಳುತ್ತಾರೆ, ಅದಕ್ಕೂ ಖಿನ್ನತೆಯ ಅಪಾಯಕ್ಕೂ ಏನು ಸಂಬಂಧ ಎಂಬಂಥ ಪ್ರಶ್ನೆಗಳು ಅಲ್ಲಿ ಅಧ್ಯಯನದ ವಸ್ತುಗಳಾಗಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂಗೀತ ಮತ್ತು ಮೆದುಳಿನ ಸಂಬಂಧವನ್ನು ಶೋಧಿಸುವ ಪ್ರಯೋಗಾಲಯವೇ ಇದೆ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ವಿದ್ಯಾರ್ಥಿಗಳು ಗಾಯಕರ ಕಂಠವನ್ನು ಕುರಿತು ಪ್ರಬಂಧಗಳನ್ನು ಬರೆದಿದ್ದಾರೆ. ಕೇಳುವವರ ಮನಸ್ಸಿನ ಜೊತೆಗೆ ಹಾಡುವವರ ಕ್ಷೇಮವನ್ನೂ ವಿಚಾರಿಸುವ ಕಾಲ ಬಂದಿದೆ ಎಂಬುದು ಸಂತೋಷದ ಸಂಗತಿ. ಇಂಥ ವಿದ್ಯಾರ್ಥಿಗಳ ಮುಂದೆ ಇಡಬಹುದಾದ ಒಂದೇ ಒಂದು ಬಾಳಿನ ಕಥೆಯನ್ನು ಆರಿಸಿ ಎಂದರೆ ನಾವು ಆರಿಸುವುದು ಕುಮಾರ ಗಂಧರ್ವರದನ್ನೇ. ಹಾಡುವವನಿಗೆ ಉಸಿರೇ ಬಂಡವಾಳ. ಇವರ ಬಂಡವಾಳದ ಅರ್ಧಭಾಗ ಇಪ್ಪತ್ತಮೂರನೆಯ ವಯಸ್ಸಿಗೇ ಕರಗಿಹೋಯಿತು.

ಬಾಲ್ಯದಿಂದ ಆರಂಭಿಸೋಣ. ಶಿವಪುತ್ರನಿಗೆ ಆರೇಳು ವರ್ಷವಾಗುವವರೆಗೆ ಹಾಡಿನ ಸುಳಿವು ಯಾರಿಗೂ ಇರಲಿಲ್ಲ. ಆಮೇಲೆ ಒಮ್ಮೆಲೇ ಬಾಯಿ ಬಿಟ್ಟ ಹುಡುಗ ಗ್ರಾಮಫೋನ್ ತಟ್ಟೆಗಳಲ್ಲಿ ಕೇಳಿದುದನ್ನು ಇದ್ದದ್ದು ಇದ್ದ ಹಾಗೆ ಹಾಡತೊಡಗಿದನು. ಅಬ್ದುಲ್ ಕರೀಂ ಖಾನರ ತಟ್ಟೆಯಾದರೆ ಅವರಂತೆಯೇ. ರಾಮಕೃಷ್ಣಬುವಾ ವಝೆಯವರದಾದರೆ ಅವರಂತೆಯೇ. ಸ್ವರ, ತಾನ, ಮುರ್ಕಿ ಮಾತ್ರವಲ್ಲ, ಗಾಯಕರು ನಿಲ್ಲಿಸಿದ ಕಡೆ ನಿಲ್ಲಿಸಿ, ಉಸಿರೆಳೆದ ಕಡೆ ಉಸಿರೆಳೆದು ಹಾಡುತ್ತಿದ್ದ ಬಾಲಕನನ್ನು ಕಂಡು ಜನ ದಂಗಾದರು. ಮಠದ ಸ್ವಾಮಿಗಳೊಬ್ಬರು ಇವನು ಕುಮಾರ ಗಂಧರ್ವನೆಂದು ಹರಸಿದರು. ಹುಟ್ಟಿದ ಹೆಸರನ್ನು ಆ ಬಿರುದು ನುಂಗಿಹಾಕಿತು. ತಂದೆ ಮಗನನ್ನು ಕರೆದುಕೊಂಡು ಊರೂರು ತಿರುಗಿದರು. ಗೋಡೆಗಳ ಮೇಲೆ ಭಿತ್ತಿಪತ್ರ, ಟಿಕೆಟ್ಟಿನ ಕಚೇರಿ, ಕೊರಳಿಗೆ ಪದಕಗಳು.

ಇಂದಿನ ದೂರದರ್ಶನದ ಬಾಲಗಾಯಕರ ಸ್ಪರ್ಧೆಗಳನ್ನು ನೋಡುವಾಗ ನಮಗೆ ಈ ಹುಡುಗನ ನೆನಪಾಗುತ್ತದೆ. ಎಂಟು ಹತ್ತು ವರ್ಷದ ಮಗು ವೇದಿಕೆಯ ಮೇಲೆ ದೊಡ್ಡವರ ಹಾಗೆ ಹಾಡಿ ಚಪ್ಪಾಳೆ ಗಿಟ್ಟಿಸುವುದು ಹೆತ್ತವರಿಗೆ ಹೆಮ್ಮೆ. ಆ ಮಗುವಿಗೆ ಹದಿನಾರಾದಾಗ, ಕಂಠ ಒಡೆದಾಗ, ಜನ ಬೇರೊಂದು ಮಗುವಿನ ಕಡೆ ತಿರುಗಿದಾಗ ಒಳಗೆ ಏನಾಗುತ್ತದೆ ಎಂದು ಕೇಳಿದವರು ಕಡಿಮೆ. ಅನುಕರಣೆಯಿಂದ ಕೀರ್ತಿ ಪಡೆದ ಮಗುವಿಗೆ ಇನ್ನೊಂದು ಕಷ್ಟವೂ ಉಂಟು. ಎಲ್ಲರ ದನಿಯೂ ಅವನಲ್ಲಿದೆ. ಅವನ ದನಿ ಯಾವುದು?

ಈ ಪ್ರಶ್ನೆಗೆ ಉತ್ತರ ಹುಡುಕಲು ನೆರವಾದವರು ಮುಂಬಯಿಯ ಪ್ರೊಫೆಸರ್ ಬಿ.ಆರ್. ದೇವಧರ್. ಇವರು ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು. ಪಾಶ್ಚಾತ್ಯ ಸಂಗೀತವನ್ನೂ ಕ್ರಮವಾಗಿ ಕಲಿತವರು. 1925ರಲ್ಲಿ ಸ್ಕೂಲ್ ಆಫ್ ಇಂಡಿಯನ್ ಮ್ಯೂಸಿಕ್ ಎಂಬ ಶಾಲೆಯನ್ನು ತೆರೆದವರು. ನಮ್ಮ ವಿಷಯಕ್ಕೆ ಮುಖ್ಯವಾದದ್ದೆಂದರೆ, ಕಂಠಸಾಧನೆಯನ್ನು ಶಾಸ್ತ್ರವಾಗಿ ಅಧ್ಯಯನ ಮಾಡಿದ ಭಾರತೀಯರಲ್ಲಿ ಇವರು ಮೊದಲಿಗರ ಸಾಲಿನವರು. ಧ್ವನಿ ಎಲ್ಲಿಂದ ಹುಟ್ಟುತ್ತದೆ, ಉಸಿರನ್ನು ಹೇಗೆ ತೆಗೆದುಕೊಳ್ಳಬೇಕು, ಕಂಠ ಯಾಕೆ ಕೆಡುತ್ತದೆ ಎಂಬುದನ್ನು ವಿಚಾರಿಸಿ, ಅದನ್ನು ಕುರಿತು ಪುಸ್ತಕವನ್ನೇ ಬರೆದರು. ಗಂಟಲು ಕಟ್ಟಿದರೆ ಕಾಳುಮೆಣಸಿನ ಕಷಾಯ ಕುಡಿದು ಸುಮ್ಮನಾಗುತ್ತಿದ್ದ ಕಾಲದಲ್ಲಿ ಇದು ದೊಡ್ಡ ಮಾತು. ಉತ್ತರ ಕರ್ನಾಟಕದಲ್ಲೇ ಗಂಗೂಬಾಯಿ ಹಾನಗಲ್ಲರ ಎಳೆಯ ದನಿ ಟಾನ್ಸಿಲ್ ಚಿಕಿತ್ಸೆಯ ಬಳಿಕ ಗಂಡುದನಿಯಂತೆ ಆಳಕ್ಕೆ ಇಳಿದುದನ್ನು ನಾವು ಬಲ್ಲೆವು. ಅವರು ಆ ಹೊಸ ದನಿಯಲ್ಲೇ ಕಿರಾನಾ ಘರಾನೆಯನ್ನು ಮೆರೆಸಿದರು. ಅಂಥ ಧೈರ್ಯವಿಲ್ಲದೆ ಮೌನವಾದವರ ಹೆಸರುಗಳು ಇತಿಹಾಸದಲ್ಲಿ ಉಳಿಯುವುದಿಲ್ಲ.

1936ರಲ್ಲಿ ಮುಂಬಯಿಯ ಜಿನ್ನಾ ಹಾಲಿನ ಸಂಗೀತ ಸಮ್ಮೇಳನದಲ್ಲಿ ಹಾಡಿ ದೊಡ್ಡ ದೊಡ್ಡ ಉಸ್ತಾದರನ್ನು ಬೆರಗುಗೊಳಿಸಿದ ಹುಡುಗನನ್ನು ತಂದೆ ದೇವಧರರ ಕೈಗೆ ಒಪ್ಪಿಸಿದರು. ಆಗ ಹುಡುಗನಿಗೆ ಹನ್ನೆರಡರ ಆಸುಪಾಸು. ಮುಂದಿನ ಹತ್ತು ಹನ್ನೊಂದು ವರ್ಷ ಆ ಶಾಲೆಯೇ ಅವರ ಮನೆ. ಒಂದೇ ಘರಾನೆಗೆ ಕಟ್ಟುಹಾಕುವ ಪದ್ಧತಿ ದೇವಧರರದಲ್ಲ. ಅವರ ಶಾಲೆಗೆ ಎಲ್ಲ ಘರಾನೆಗಳ ಉಸ್ತಾದರೂ ಬರುತ್ತಿದ್ದರು, ಹಾಡುತ್ತಿದ್ದರು, ವಾದಿಸುತ್ತಿದ್ದರು. ಯಾವ ಗವಾಯಿ ಏನು ಮಾಡುತ್ತಾನೆ ಎನ್ನುವುದಕ್ಕಿಂತ ಯಾಕೆ ಹಾಗೆ ಮಾಡುತ್ತಾನೆ ಎಂದು ಕೇಳುವ ಅಭ್ಯಾಸ ಕುಮಾರರಿಗೆ ಅಲ್ಲಿ ಹತ್ತಿತು. ಸಂಶೋಧಕ ವಿದ್ಯಾರ್ಥಿ ಎಂಬ ಮಾತನ್ನು ವಿಶ್ವವಿದ್ಯಾಲಯದ ಹೊರಗೂ ಬಳಸಬಹುದಾದರೆ ಆ ಹುಡುಗನಿಗೆ ಬಳಸಬೇಕು. ಭೇಂಡಿ ಬಜಾರ್ ಘರಾನೆಯ ಹಿರಿಯ ಗಾಯಕಿ ಅಂಜನೀಬಾಯಿ ಮಾಲ್ಪೇಕರರ ಬಳಿಯಲ್ಲೂ ಅವರು ಕಲಿತರು. ತಂಬೂರಿ ಶ್ರುತಿ ಕೂಡಿಸುವುದರಲ್ಲಿ ಕುಮಾರರಿಗಿದ್ದ ಹಟವಂತೂ ಮುಂದೆ ಪ್ರಸಿದ್ಧವಾಯಿತು. ಎರಡು ತಂಬೂರಿಗಳ ನಡುವೆ ಕುಳಿತು, ಕಿವಿಗೆ ಒಪ್ಪುವವರೆಗೆ ಕಚೇರಿ ಆರಂಭಿಸುತ್ತಿರಲಿಲ್ಲ.

ಇಪ್ಪತ್ತು ತುಂಬುವ ಮೊದಲೇ ಅದೇ ಶಾಲೆಯಲ್ಲಿ ಕಲಿಸತೊಡಗಿದರು. ಕರಾಚಿಯಿಂದ ಸಂಗೀತ ಕಲಿಯಲು ಬಂದಿದ್ದ ಭಾನುಮತಿ ಕಂಸ ಎಂಬ ತರುಣಿಯೊಡನೆ 1947ರಲ್ಲಿ ಮದುವೆಯಾಯಿತು. ಹುಡುಗನ ಪವಾಡದ ಹೆಸರು ಹಿಂದೆ ಬಿದ್ದು, ಗಾಯಕನೊಬ್ಬನ ಹೆಸರು ಮೇಲೇರುತ್ತಿದ್ದ ವರ್ಷ ಅದು. ಆ ವರ್ಷವೇ ಕೆಮ್ಮು, ಜ್ವರ, ಸೊರಗುವಿಕೆ. ವೈದ್ಯರು ಪರೀಕ್ಷಿಸಿ ಹೇಳಿದ್ದು ಕ್ಷಯ.

ಆ ಕಾಲದಲ್ಲಿ ಕ್ಷಯವೆಂದರೆ ಏನೆಂಬುದು ಇಂದಿನ ತರುಣರಿಗೆ ತಿಳಿಯುವುದು ಕಷ್ಟ. 1946ರ ಭೋರ್ ಸಮಿತಿಯ ವರದಿ ದೇಶದಲ್ಲಿ ಸುಮಾರು 25 ಲಕ್ಷ ಕ್ಷಯರೋಗಿಗಳಿದ್ದಾರೆಂದೂ ವರ್ಷಕ್ಕೆ ಸುಮಾರು 5 ಲಕ್ಷ ಮಂದಿ ಸಾಯುತ್ತಾರೆಂದೂ ಅಂದಾಜು ಮಾಡಿತ್ತು. ಮೈಸೂರು ಸೀಮೆಯವರು ಮದನಪಲ್ಲಿಯ ಆರೋಗ್ಯವರಕ್ಕೋ, ಕ್ಷಯದಿಂದಲೇ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಮೈಸೂರಿನ ಸ್ಯಾನಟೋರಿಯಮ್ಮಿಗೋ ಹೋಗುತ್ತಿದ್ದರು. ಹೋದವರ ಹೆಸರನ್ನು ಮನೆಯಲ್ಲಿ ಮೆಲುದನಿಯಲ್ಲಿ ಹೇಳುತ್ತಿದ್ದರು. ಅವರ ಲೋಟ ತಟ್ಟೆಗಳು ಬೇರೆ. ಹೆಣ್ಣು ಕೊಡುವವರು ಮೊದಲು ವಿಚಾರಿಸುತ್ತಿದ್ದುದೇ ಆ ಮನೆಯಲ್ಲಿ ಯಾರಿಗಾದರೂ ಕ್ಷಯವಿತ್ತೇ ಎಂದು. ಔಷಧವೆಂದರೆ ವಿಶ್ರಾಂತಿ, ಒಣಹವೆ, ಹಾಲು, ಮೊಟ್ಟೆ. ತೀರಾ ಆದರೆ ಎದೆಗೂಡಿಗೆ ಗಾಳಿ ತುಂಬಿ ಕೆಟ್ಟ ಶ್ವಾಸಕೋಶವನ್ನು ಕುಗ್ಗಿಸಿ ಇಡುವ ಚಿಕಿತ್ಸೆ. ಗಾಯಕನಿಗೆ ಈ ರೋಗ ಬಂದರೆ ಇನ್ನೊಂದು ಕಟ್ಟಪ್ಪಣೆ ಸೇರುತ್ತಿತ್ತು: ಹಾಡಕೂಡದು.

1948ರ ಜನವರಿಯಲ್ಲಿ, ಮದುವೆಯಾಗಿ ವರ್ಷ ತುಂಬುವ ಮೊದಲೇ, ಗಂಡಹೆಂಡಿರು ಒಣಹವೆಯನ್ನು ಹುಡುಕಿಕೊಂಡು ಇಂದೋರಿನ ಬಳಿಯ ದೇವಾಸಿಗೆ ಬಂದರು. ಊರಿನ ನೆತ್ತಿಯ ಮೇಲೆ ದೇವಿಯ ಗುಡ್ಡ. ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ ಹಿಂದೊಮ್ಮೆ ಇಲ್ಲಿಯ ಮಹಾರಾಜರ ಕಾರ್ಯದರ್ಶಿಯಾಗಿದ್ದು, 1953ರಲ್ಲಿ ಆ ಗುಡ್ಡದ ಹೆಸರಿನಲ್ಲೇ ಪುಸ್ತಕ ಬರೆದನು. ಮಹಾಗಾಯಕ ರಜಬ್ ಅಲಿ ಖಾನರು ವಾಸವಾಗಿದ್ದ ಊರೂ ಇದೇ. ಇಂಥ ಊರಿನ ಒಂದು ಮನೆಯಲ್ಲಿ, ಹಾಸಿಗೆಯ ಮೇಲೆ, ಇಪ್ಪತ್ತನಾಲ್ಕರ ಹರೆಯದ ಗಾಯಕ ಐದಾರು ವರ್ಷ ಮಲಗಿದ್ದರು.

ಸಂಗೀತ ಮತ್ತು ಮನಸ್ಸನ್ನು ಓದುವ ವಿದ್ಯಾರ್ಥಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಏಳನೆಯ ವಯಸ್ಸಿನಿಂದ ಹಾಡುವುದನ್ನು ಬಿಟ್ಟು ಬೇರೇನನ್ನೂ ಮಾಡದಿದ್ದ ಮನುಷ್ಯ ಅವರು. ಬೆರಳು ಮುರಿದ ಸಿತಾರ್ ವಾದಕನಿಗೆ ಕನಿಷ್ಠ ಕಂಠದಲ್ಲಿ ಗುನುಗುವ ದಾರಿಯಿದೆ. ಇವರಿಗೆ ಅದಕ್ಕೂ ತಡೆ. ಬದುಕುಳಿಯುವ ಭರವಸೆಯಿಲ್ಲ, ಉಳಿದರೂ ಹಾಡುವ ಭರವಸೆಯಿಲ್ಲ. ಒಂದು ಶ್ವಾಸಕೋಶ ಬಹುಪಾಲು ಕೆಟ್ಟುಹೋಗಿತ್ತು. ನಾವು ಬ್ಯಾಂಕಿನವರು, ಕೆಲಸ ಹೋದವರ, ಅಂಗಡಿ ಮುಚ್ಚಿದವರ ಮುಖಗಳನ್ನು ದಿನನಿತ್ಯ ಕಾಣುತ್ತೇವೆ. ಕೈಯಲ್ಲಿದ್ದ ಒಂದೇ ಕಸುಬು ಕಳೆದವನ ಮುಖ ಹೇಗಿರುತ್ತದೆಂದು ಬಲ್ಲೆವು. ಕುಮಾರರು ಆ ವರ್ಷಗಳಲ್ಲಿ ಮಾಡಿದ ಕೆಲಸವೊಂದೇ, ಕೇಳುವುದು.

ಕಿಟಕಿಯ ಹೊರಗೆ ಮಾಳವದ ಹೆಂಗಸರು ಹಾಡುತ್ತಿದ್ದರು. ಮದುವೆಗೆ, ಬಸಿರಿಗೆ, ಮಳೆಗೆ, ಹಬ್ಬಕ್ಕೆ, ಬೀಸುವ ಕಲ್ಲಿಗೆ. ಆ ಹಾಡುಗಳಲ್ಲಿ ನಾಲ್ಕೋ ಐದೋ ಸ್ವರ. ಸಂಗೀತ ಶಾಲೆಯಲ್ಲಿ ಕಲಿತವರು ಅವನ್ನು ಹಾಡೆಂದು ಗಣಿಸುವುದೇ ಕಷ್ಟ. ಹಾಸಿಗೆಯಲ್ಲಿದ್ದ ಕುಮಾರರಿಗೆ ಮಾತ್ರ ಅವುಗಳ ಒಳಗೆ ರಾಗದ ಬೀಜ ಕಾಣಿಸಿತು. ಶಾಸ್ತ್ರೀಯವೆಂದು ನಾವು ಕರೆಯುವುದೆಲ್ಲ ಎಂದೋ ಒಂದು ದಿನ ಇಂಥ ಬಾಯಿಗಳಿಂದಲೇ ಹೊರಟಿರಬೇಕೆಂಬುದು ಅವರ ನಿಲುವಾಯಿತು. ಹಾಡುಗಳನ್ನು ಬರೆದಿಟ್ಟರು, ಸ್ವರ ಹಾಕಿದರು, ಒಂದರ ಪಕ್ಕ ಒಂದಿಟ್ಟು ಹೋಲಿಸಿದರು. ಯಾವ ವಿಶ್ವವಿದ್ಯಾಲಯವೂ ಹಣ ಕೊಡದ, ಯಾವ ಮಾರ್ಗದರ್ಶಕನೂ ಸಹಿ ಹಾಕದ ಕ್ಷೇತ್ರಕಾರ್ಯ ಅದು. ದೇವಾಸಿನಲ್ಲಿ ನಾಥಪಂಥದ ಜೋಗಿಗಳೂ ಇದ್ದರು. ಅವರು ತಿರುಪೆಗೆ ಬಂದಾಗ ಹಾಡುತ್ತಿದ್ದ ಕಬೀರ, ಗೋರಖನಾಥರ ನಿರ್ಗುಣ ಪದಗಳು ಅವರ ಮನಸ್ಸಿನಲ್ಲಿ ನೆಲೆಸಿದವು. ಯಾರನ್ನೂ ಮೆಚ್ಚಿಸಬೇಕಾಗಿಲ್ಲದ, ಬಯಲನ್ನು ನೋಡಿ ಎಸೆದಂತಹ ದನಿ ಆ ಜೋಗಿಗಳದು. ನಮ್ಮ ಸೀಮೆಯ ತತ್ವಪದಕಾರರ ಏಕತಾರಿಯ ದನಿಯನ್ನು ಕೇಳಿದವರಿಗೆ ಇದರ ಜಾತಿ ಗೊತ್ತಾಗುತ್ತದೆ.

ಇದೇ ಹೊತ್ತಿಗೆ ಏಳು ಸಮುದ್ರದಾಚೆ ನಡೆದಿದ್ದ ಒಂದು ಕೆಲಸವನ್ನು ಇಲ್ಲಿ ಹೇಳಬೇಕು. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಸೆಲ್ಮನ್ ವಾಕ್ಸ್‌ಮನ್ ಎಂಬ ಮಣ್ಣಿನ ಜೀವಾಣುವಿಜ್ಞಾನಿಯ ಕೈಕೆಳಗೆ ಆಲ್ಬರ್ಟ್ ಶಾಟ್ಸ್ ಎಂಬ ಇಪ್ಪತ್ತಮೂರರ ಸಂಶೋಧನಾ ವಿದ್ಯಾರ್ಥಿ ಇದ್ದನು. ಕ್ಷಯದ ಜೀವಾಣುಗಳೊಡನೆ ಕೆಲಸ ಮಾಡುವುದು ಅಪಾಯವೆಂದು ಅವನ ಪ್ರಯೋಗಗಳು ನಡೆದದ್ದು ನೆಲಮಾಳಿಗೆಯಲ್ಲಿ. 1943ರ ಅಕ್ಟೋಬರಿನಲ್ಲಿ ಗೊಬ್ಬರ ಹಾಕಿದ ಹೊಲದ ಮಣ್ಣಿನಿಂದಲೂ ಒಂದು ಕೋಳಿಯ ಗಂಟಲಿನಿಂದಲೂ ಅವನು ಬೇರ್ಪಡಿಸಿದ ಸೂಕ್ಷ್ಮಜೀವಿ ಸ್ಟ್ರೆಪ್ಟೊಮೈಸಿನ್ ಎಂಬ ಔಷಧವನ್ನು ಕೊಟ್ಟಿತು. ಕ್ಷಯಕ್ಕೆ ನಿಜವಾಗಿ ನಾಟಿದ ಮೊದಲ ಔಷಧ ಅದೇ. ಕೀರ್ತಿಯೂ ಹಣವೂ ಗುರುವಿನ ಪಾಲಾಗತೊಡಗಿದಾಗ ಶಿಷ್ಯ 1950ರಲ್ಲಿ ನ್ಯಾಯಾಲಯಕ್ಕೆ ಹೋಗಿ ಸಹಶೋಧಕನೆಂದು ಹೆಸರು ಉಳಿಸಿಕೊಂಡನು. ಆದರೂ 1952ರ ನೊಬೆಲ್ ಪ್ರಶಸ್ತಿ ಗುರುವಿಗೊಬ್ಬರಿಗೇ ಸಂದಿತು. ವಿದ್ಯಾರ್ಥಿ ಸಂಶೋಧಕರ ಕಷ್ಟ ಎಲ್ಲ ದೇಶಗಳಲ್ಲೂ ಒಂದೇ ಎಂದು ಕಾಣುತ್ತದೆ.

ಆ 1952ರ ಹೊತ್ತಿಗೆ ಸ್ಟ್ರೆಪ್ಟೊಮೈಸಿನ್ ದೇವಾಸಿನ ರೋಗಿಗೂ ದೊರಕಿತು. ಈ ಔಷಧಕ್ಕೆ ಒಂದು ದೋಷವಿದೆ. ಅದು ಒಳಗಿವಿಯ ಮೇಲೆ ಬೀಳುತ್ತದೆ; ಕೆಲವರಿಗೆ ತಲೆತಿರುಗುವಿಕೆ, ಕೆಲವರಿಗೆ ಶಾಶ್ವತ ಕಿವುಡು. ಉಸಿರನ್ನು ಉಳಿಸಲು ಕಿವಿಯನ್ನು ಪಣಕ್ಕಿಡಬೇಕಾದ ಔಷಧ. ಗಾಯಕನ ಮಟ್ಟಿಗೆ ಇದಕ್ಕಿಂತ ಕ್ರೂರವಾದ ಆಯ್ಕೆ ಇನ್ನೊಂದಿಲ್ಲ. ಅದೃಷ್ಟ ದೊಡ್ಡದು, ಎರಡು ತಂಬೂರಿಗಳ ನಡುವಿನ ಕೂದಲೆಳೆಯ ವ್ಯತ್ಯಾಸವನ್ನು ಗುರುತಿಸುತ್ತಿದ್ದ ಆ ಕಿವಿ ಕೊನೆಯವರೆಗೂ ಉಳಿಯಿತು.

ಈ ಎಲ್ಲ ವರ್ಷಗಳಲ್ಲಿ ಮನೆ ನಡೆದದ್ದು ಭಾನುಮತಿಯವರಿಂದ. ಅವರು ಶಾಲೆಯಲ್ಲಿ ಪಾಠ ಹೇಳಿ ಸಂಬಳ ತಂದರು. ಬಂದು ಅಡುಗೆ ಮಾಡಿದರು. ಸೋಂಕಿನ ಭಯವನ್ನು ಬದಿಗಿಟ್ಟು ರೋಗಿಯ ಶುಶ್ರೂಷೆ ಮಾಡಿದರು. ಅವರೂ ದೇವಧರರ ಶಾಲೆಯಲ್ಲಿ ಕಲಿತ ಗಾಯಕಿಯೇ ಎಂಬುದನ್ನು ಮರೆಯಬಾರದು. ಗಂಡನ ಮೌನವನ್ನು ಕುರಿತು ಗ್ರಂಥಗಳೇ ಬಂದಿವೆ. ಹೆಂಡತಿಯ ಮೌನವನ್ನು ಕುರಿತು ಬರೆದವರು ವಿರಳ. ಕಲಾವಿದರ ಕ್ಷೇಮವೆಂದು ಸಂಶೋಧನೆ ಮಾಡುವವರು ವೇದಿಕೆಯ ಮೇಲೆ ಕುಳಿತವರನ್ನಷ್ಟೇ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಜಮಾ ಕಾಲಮ್ಮಿನಲ್ಲಿ ಕಾಣುವ ಪ್ರತಿಯೊಂದು ಮೊತ್ತಕ್ಕೂ ಎಲ್ಲೋ ಒಂದು ಖರ್ಚು ಬಿದ್ದಿರುತ್ತದೆ. ಆ ಖರ್ಚಿನ ಪುಟದಲ್ಲಿ ಭಾನುಮತಿಯವರ ಹೆಸರಿದೆ.

1953ರಲ್ಲಿ ಕುಮಾರ ಗಂಧರ್ವರು ಮತ್ತೆ ವೇದಿಕೆಯೇರಿದರು. ಕೇಳಲು ಬಂದವರಲ್ಲಿ ಹಳೆಯ ಪವಾಡದ ಹುಡುಗನನ್ನು ಹುಡುಕಿದವರೇ ಹೆಚ್ಚು. ಅವರಿಗೆ ಸಿಕ್ಕಿದವರು ಬೇರೊಬ್ಬರು. ದೀರ್ಘವಾದ, ಎಳೆ ಕಡಿಯದ ತಾನಗಳ ಜಾಗದಲ್ಲಿ ಚಿಕ್ಕ ಚಿಕ್ಕ ಸ್ವರಗುಚ್ಛಗಳು, ನಡುವೆ ಮೌನ, ಮೌನದ ಕೊನೆಗೆ ಮಿಂಚಿನಂತೆ ತಾರಸಪ್ತಕಕ್ಕೆ ಚಿಮ್ಮುವ ಒಂದು ಸ್ವರ. ಗಂಟೆಗಟ್ಟಲೆ ವಿಲಂಬಿತದಲ್ಲಿ ರಾಗವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಪದ್ಧತಿಗೆ ಅವರು ಒಗ್ಗಿಕೊಳ್ಳಲಿಲ್ಲ. ಮಧ್ಯಲಯದ ಬಂದಿಶ್‌ಗಳೇ ಅವರಿಗೆ ಪ್ರಿಯ. ಬಂದಿಶ್‌ನ ಮಾತು, ಅದರ ಭಾವ, ಅದು ಹುಟ್ಟಿದ ಸಂದರ್ಭ ಇವೆಲ್ಲವೂ ರಾಗದಷ್ಟೇ ಮುಖ್ಯವಾದವು. ವಸಂತ ಆಚರೇಕರರ ತಬಲಾ ಈ ಹೊಸ ನಡೆಗೆ ತಕ್ಕ ಜೊತೆಯಾಯಿತು.

ಸಂಪ್ರದಾಯಸ್ಥರು ಕೆರಳಿದರು. ಇವರದು ಯಾವ ಘರಾನೆ, ತುಂಡು ತುಂಡಾದ ಹಾಡಿಕೆ, ರಾಗಶುದ್ಧಿ ಸಾಲದು ಎಂದೆಲ್ಲ ಟೀಕೆಗಳು ಬಂದವು. ಕನಿಕರದಿಂದ ಮಾತಾಡಿದವರೂ ಇದ್ದರು. ಪಾಪ, ಒಂದೇ ಶ್ವಾಸಕೋಶ, ಇನ್ನೇನು ಮಾಡಿಯಾರು ಎಂಬುದು ಅವರ ವಾದ. ನಮಗೆ ಟೀಕೆಗಿಂತ ಈ ಕನಿಕರವೇ ಹೆಚ್ಚು ಅನ್ಯಾಯವೆಂದು ತೋರುತ್ತದೆ. ಉಸಿರು ಕಡಿಮೆಯಾದವರೆಲ್ಲ ಕುಮಾರ ಗಂಧರ್ವರಾಗುವುದಿಲ್ಲ. ಮೇಲಾಗಿ ಅವರ ಧ್ವನಿಮುದ್ರಿಕೆಗಳನ್ನು ಗಮನವಿಟ್ಟು ಕೇಳಿದವರಿಗೆ ತಾರಷಡ್ಜವನ್ನು ಅವರು ಎಷ್ಟು ಬಲವಾಗಿ ಹಿಡಿಯಬಲ್ಲವರೆಂಬುದು ತಿಳಿದೇ ಇದೆ. ಉಸಿರಿಲ್ಲದವನು ಹಾಗೆ ಹಿಡಿಯಲಾರ. ಇದ್ದ ಉಸಿರನ್ನು ಎಲ್ಲಿ ಖರ್ಚು ಮಾಡಬೇಕೆಂಬ ತೀರ್ಮಾನ ಅವರದಾಗಿತ್ತು. ದೇವಧರರ ಶಾಲೆಯಲ್ಲಿ ಯಾಕೆ ಎಂದು ಕೇಳಲು ಕಲಿತ ಬುದ್ಧಿ, ಹಾಸಿಗೆಯಲ್ಲಿ ಕೇಳಿದ ನಾಲ್ಕು ಸ್ವರದ ಹಾಡು, ಕುಗ್ಗಿದ ಎದೆ ಇವು ಮೂರೂ ಕೂಡಿ ಆ ಶೈಲಿಯಾಯಿತೆಂದು ಹೇಳಿದರೆ ಸತ್ಯಕ್ಕೆ ಹತ್ತಿರ. ಇವುಗಳಲ್ಲಿ ಯಾವುದಕ್ಕೆ ಎಷ್ಟು ಪಾಲು ಎಂದು ತೂಗುವ ಕೆಲಸ ಇನ್ನೂ ಬಾಕಿಯಿದೆ. ಕಾಯಿಲೆಗೆ ಮೊದಲಿನ ಧ್ವನಿಮುದ್ರಿಕೆಗಳೂ ಇವೆ, ಆಮೇಲಿನವೂ ಇವೆ. ಎರಡರಲ್ಲೂ ಒಂದೊಂದು ಉಸಿರಿನ ಅಳತೆ, ಮೌನದ ಅಳತೆಯನ್ನು ಇಂದಿನ ಕಂಪ್ಯೂಟರಿನಲ್ಲಿ ತೆಗೆಯುವುದು ಗಚ್ಚಿಬೌಲಿಯ ಹುಡುಗರಿಗೆ ಕಷ್ಟವಾಗಲಾರದು.

ಮುಂದಿನ ಮೂರು ದಶಕಗಳು ಫಲದ ಕಾಲ. ಜನಪದ ಧಾಟಿಗಳಿಂದ ಹೊಸ ರಾಗಗಳನ್ನು ಕಟ್ಟಿ ಅವಕ್ಕೆ ಧುನ್ ಉಗಮ ರಾಗಗಳೆಂದು ಹೆಸರಿಟ್ಟರು. ಮಾಲವತಿ, ಸಂಜಾರಿ, ಲಗನಗಂಧಾರ, ಸಹೇಲಿ ತೋಡಿ, ಅಹಿಮೋಹಿನಿ ಅವುಗಳಲ್ಲಿ ಕೆಲವು. ಗಾಂಧೀಜಿಯವರ ನೆನಪಿಗೆ ಗಾಂಧಿ ಮಲ್ಹಾರ್ ಎಂಬ ರಾಗವನ್ನು ರಚಿಸಿದರು. 1965ರಲ್ಲಿ ಅನೂಪ ರಾಗ ವಿಲಾಸ ಎಂಬ ಬಂದಿಶ್‌ಗಳ ಸಂಕಲನ ಹೊರಬಂತು. ಮಳೆಗಾಲಕ್ಕೊಂದು, ಹೇಮಂತಕ್ಕೊಂದು, ವಸಂತಕ್ಕೊಂದು ಎಂದು ಋತುಗಳ ಮೇಲೆ ಇಡೀ ಕಾರ್ಯಕ್ರಮಗಳನ್ನು ಹೆಣೆದರು. ಮಾಳವದ ಹಳ್ಳಿಯ ಧಾಟಿಗಳನ್ನು ನಗರದ ಸಭಾಂಗಣದಲ್ಲಿ ಕೂರಿಸಿದರು. ಕಬೀರ, ಸೂರದಾಸ, ಮೀರಾ ಮೂವರನ್ನು ಸೇರಿಸಿ ತ್ರಿವೇಣಿ ಎಂದರು, ತುಕಾರಾಮನಿಗೊಂದು ಸಂಜೆ, ರಂಗಭೂಮಿಯ ಬಾಲಗಂಧರ್ವರಿಗೊಂದು ಸಂಜೆ. ಚಿಕ್ಕಂದಿನಲ್ಲಿ ತಟ್ಟೆ ಕೇಳಿ ಅನುಕರಿಸುತ್ತಿದ್ದ ಹುಡುಗ ಈಗ ಅದೇ ಹಿರಿಯರನ್ನು ತಾನು ಅರಿತ ಬಗೆಯಲ್ಲಿ ಹಾಡುತ್ತಿದ್ದರು. ನಿರ್ಗುಣ ಭಜನೆಗಳಂತೂ ರಾಗದ ಗಂಧವೇ ಇಲ್ಲದವರ ಮನೆಗಳನ್ನೂ ಮುಟ್ಟಿದವು. ಅವನ್ನು ಕೇಳುವಾಗ ಯಾವುದೋ ದೊಡ್ಡ ಖಾಲಿ ಮನೆಯ ಬಾಗಿಲು ತೆರೆದಂತಾಗುತ್ತದೆ. ಹೀಗೆ ಹೇಳುವುದು ಶಾಸ್ತ್ರಜ್ಞರಿಗೆ ಒಪ್ಪದಿರಬಹುದು.

ಈ ಫಲದ ಕಾಲದ ನಡುವೆಯೇ ಎರಡನೆಯ ಏಟು ಬಿತ್ತು. 1961ರಲ್ಲಿ ಎರಡನೆಯ ಮಗುವಿನ ಹೆರಿಗೆಯಲ್ಲಿ ಭಾನುಮತಿಯವರು ತೀರಿಕೊಂಡರು. ಸಾವಿನ ಬಾಯಿಂದ ಗಂಡನನ್ನು ಎಳೆದು ತಂದವರು ತಾವೇ ಹೋದರು. ಹಿರಿಯ ಮಗ ಮುಕುಲ ಐದು ವರ್ಷದವನು; ಕಿರಿಯ ಯಶೋವರ್ಧನ ಕೈಗೂಸು. ದೇವಾಸಿನ ಗುಡ್ಡದ ಬುಡದ ಮನೆಗೆ ಭಾನುಕುಲ ಎಂದು ಹೆಸರಾಯಿತು. ಮರುವರ್ಷ ದೇವಧರರ ಶಾಲೆಯಲ್ಲೇ ಕಲಿತ ವಸುಂಧರಾ ಶ್ರೀಖಂಡೆಯವರನ್ನು ಮದುವೆಯಾದರು. ಭಜನೆಗಳಲ್ಲಿ ಕುಮಾರರ ದನಿಯ ಹಿಂದೆ, ಕೆಲವೊಮ್ಮೆ ಅದರ ಪಕ್ಕದಲ್ಲಿ ಕೇಳಿಸುವ ಹೆಣ್ಣುದನಿ ಇವರದೇ. ಮಗಳು ಕಲಾಪಿನಿ ಹುಟ್ಟಿದ್ದು ಈ ಮನೆಯಲ್ಲಿ.

ಭಾನುಕುಲ ಒಂದು ಬಗೆಯ ಗುರುಕುಲವೂ ಆಗಿತ್ತು, ಹರಟೆಕಟ್ಟೆಯೂ ಆಗಿತ್ತು. ಇಂದೋರಿನ ಪತ್ರಕರ್ತ ರಾಹುಲ್ ಬಾರಪುತೆ, ಚಿತ್ರಕಾರ ವಿಷ್ಣು ಚಿಂಚಾಳಕರ್, ಮರಾಠಿಯ ವಿನೋದಸಾಹಿತಿ ಪು.ಲ. ದೇಶಪಾಂಡೆ ಇವರೆಲ್ಲ ಆಪ್ತರು. ಕಾಯಿಲೆಯ ಬಳಿಕ ಮನುಷ್ಯನನ್ನು ಮತ್ತೆ ನೆಟ್ಟಗೆ ನಿಲ್ಲಿಸುವುದರಲ್ಲಿ ಔಷಧದಷ್ಟೇ ಇಂಥ ಗೆಳೆತನಕ್ಕೂ ಪಾಲಿದೆ ಎಂದು ನಾವು ನಂಬುತ್ತೇವೆ. ಶಿಷ್ಯರಲ್ಲಿ ಒಬ್ಬರಾದ ಸತ್ಯಶೀಲ ದೇಶಪಾಂಡೆಯವರು ಮುಂದೆ ಮುಂಬಯಿಯಲ್ಲಿ ಸಂವಾದ ಫೌಂಡೇಶನ್ ಕಟ್ಟಿ, ನಾನಾ ಘರಾನೆಗಳ ಗಾಯಕರ ಹಾಡನ್ನೂ ಮಾತನ್ನೂ ಧ್ವನಿಮುದ್ರಿಸಿ ಸಂಗ್ರಹಿಸಿದರು. ಗುರುವಿನಂತೆ ಹಾಡುವುದಕ್ಕಿಂತ ಗುರುವಿನಂತೆ ಪ್ರಶ್ನೆ ಕೇಳುವುದನ್ನು ಕಲಿತ ಶಿಷ್ಯನ ಕೆಲಸವದು.

ಗೌರವಗಳು ತಡವಾಗಿಯಾದರೂ ಬಂದವು. 1977ರಲ್ಲಿ ಪದ್ಮಭೂಷಣ, 1988ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್, 1990ರಲ್ಲಿ ಪದ್ಮವಿಭೂಷಣ. ಬೆಳಗಾವಿಯಲ್ಲಿ ಅವರ ಹೆಸರಿನ ರಂಗಮಂದಿರವಿದೆ. ಸುಳೇಭಾವಿಯ ಹುಡುಗನಿಗೆ ತವರು ಸೀಮೆ ಕೊಟ್ಟ ಗುರುತು ಅದು. ಹೊಟ್ಟೆಪಾಡಿಗೆಂದು ಮಣಿಕೊಂಡದಂಥ ಊರುಗಳಲ್ಲಿ ನೆಲೆನಿಂತ ನಮಗೆ ಇದರಲ್ಲಿ ಒಂದು ಸಮಾಧಾನವೂ ಉಂಟು. ಅವರು ಹುಟ್ಟಿದ್ದು ಕನ್ನಡದಲ್ಲಿ, ಕಲಿತದ್ದು ಮರಾಠಿಯ ನಡುವೆ, ಬಾಳಿದ್ದು ಮಾಳವಿಯ ನಡುವೆ. ಒಂದೊಂದು ಊರಿನಿಂದಲೂ ಅವರ ಹಾಡು ಒಂದೊಂದನ್ನು ಪಡೆಯಿತು.

ಕಾಲ ಬಹಳ ಬದಲಾಗಿದೆ. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯಚಿಕಿತ್ಸೆಯ ಅಧ್ಯಯನ, ರೋಗಿಯನ್ನು ಸ್ಯಾನಟೋರಿಯಮ್ಮಿನಲ್ಲಿ ಇಡದೆ ಮನೆಯಲ್ಲೇ ಔಷಧ ಕೊಟ್ಟರೂ ಗುಣವಾಗುತ್ತದೆಂದು ಜಗತ್ತಿಗೆ ತೋರಿಸಿತು. ಸರಿಯಾಗಿ ಔಷಧ ತೆಗೆದುಕೊಂಡರೆ ಇಂದು ಸಾಮಾನ್ಯ ಕ್ಷಯ ಆರು ತಿಂಗಳಲ್ಲಿ ವಾಸಿಯಾಗುತ್ತದೆ. ಅಷ್ಟಾದರೂ ಜಗತ್ತಿನಲ್ಲಿ ಅತಿ ಹೆಚ್ಚು ಕ್ಷಯರೋಗಿಗಳಿರುವ ದೇಶ ನಮ್ಮದೇ ಎಂಬುದನ್ನು ಹೇಳದೆ ಇರಲಾಗದು. ಕಲಾವಿದರ ಆರೋಗ್ಯಕ್ಕೆಂದೇ ಬ್ರಿಟನ್ನಿನಲ್ಲಿ, ಅಮೆರಿಕದಲ್ಲಿ 1980ರ ದಶಕದಲ್ಲಿಯೇ ವೈದ್ಯರ ಸಂಘಟನೆಗಳು ಹುಟ್ಟಿದವು. ನಮ್ಮಲ್ಲಿ ಹಾಡುಗಾರನ ಗಂಟಲು ಕೆಟ್ಟರೆ ಇಂದಿಗೂ ಅದು ಅವನ ಗುಟ್ಟು. ಹೇಳಿಕೊಂಡರೆ ಮುಂದಿನ ಕಚೇರಿ ಕೈತಪ್ಪುತ್ತದೆಂಬ ಭಯ. ಕಲಾವಿದರು ಮನಸ್ಸಿನ ಕಾಯಿಲೆಯ ಮಾತನ್ನು ಎತ್ತುವುದಂತೂ ಇನ್ನೂ ಅಪರೂಪ. ಸಂಶೋಧಕರು ಪ್ರಶ್ನಾವಳಿ ಹಿಡಿದು ಹೋದಾಗ ಮೊದ ಮೊದಲು ಸಿಗುವುದು ಎಲ್ಲ ಚೆನ್ನಾಗಿದೆ ಎಂಬ ಉತ್ತರವೇ ಇರಬಹುದು. ಅದನ್ನು ದಾಟಲು ತಾಳ್ಮೆ ಬೇಕು, ಕಿಟಕಿಯ ಬಳಿ ಮಲಗಿ ಕೇಳಿದವರ ತಾಳ್ಮೆ.

1992ರ ಜನವರಿ 12ರಂದು ದೇವಾಸಿನಲ್ಲಿ ಕುಮಾರ ಗಂಧರ್ವರು ತೀರಿಕೊಂಡರು. ವಯಸ್ಸು ಅರವತ್ತೇಳು. ಉಳಿಯುವುದೇ ಅನುಮಾನವೆಂದುಕೊಂಡ ಮೇಲೂ ಸುಮಾರು ನಲವತ್ತು ವರ್ಷ ಹಾಡಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಧಾರವಾಡದ ಮಲ್ಲಿಕಾರ್ಜುನ ಮನಸೂರರೂ ಹೋದರು. ವಸುಂಧರಾ ಕೋಮಕಾಳಿಯವರು ಭಾನುಕುಲದಲ್ಲಿ ಕಲಿಸುತ್ತಾ, ಹಾಡುತ್ತಾ 2015ರವರೆಗೆ ಬಾಳಿದರು. 2024ರಲ್ಲಿ ಕುಮಾರರ ಜನ್ಮಶತಾಬ್ದಿ ತುಂಬಿತು. ಮಗಳು ಕಲಾಪಿನಿಯವರೂ ಮೊಮ್ಮಗ ಭುವನೇಶರೂ ಹಾಡುತ್ತಿದ್ದಾರೆ.